ಡ್ರೈವರ್‌ಗಳ ಮೆಮೊರಿ ಲೆಕ್ಕ: ಒಂದು ಸಣ್ಣ ತಪ್ಪಿಗೆ ಇಡೀ ಕಂಪ್ಯೂಟರ್ ಯಾಕೆ ನಿಲ್ಲುತ್ತದೆ?

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಮತ್ತೆ ಆನ್ ಮಾಡಿದರೆ ಮತ್ತೆ ಅದೇ ನೀಲಿ ಪರದೆ. ಸಾವಿರಾರು ವಿಮಾನಗಳು ರದ್ದಾದವು. ಆಸ್ಪತ್ರೆ, ಬ್ಯಾಂಕ್, ಟಿವಿ ವಾಹಿನಿಗಳ ಕೆಲಸ ಕೆಟ್ಟಿತು. ಇದು ಸೈಬರ್ ದಾಳಿ ಆಗಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಅಪ್‌ಡೇಟ್ ಒಂದರಲ್ಲಿ ಲೆಕ್ಕ ತಪ್ಪಿತ್ತು. ಹೊಸ ಫೈಲ್ 21ನೇ ಮಾಹಿತಿಯನ್ನು ನೋಡು ಎನ್ನುತ್ತಿತ್ತು. ಅದನ್ನು ಓದುವ ಪ್ರೋಗ್ರಾಂ ಕೈಯಲ್ಲಿ ಇದ್ದದ್ದು 20 ಮಾತ್ರ. ಇಲ್ಲದ 21ನೆಯದನ್ನು ಹುಡುಕುತ್ತಾ ಅದು ತನ್ನದಲ್ಲದ ಮೆಮೊರಿಗೆ ಕೈ ಹಾಕಿತು. ಅಲ್ಲಿಗೆ ಕಂಪ್ಯೂಟರ್ ಮಲಗಿತು.

ಫೋನ್‌ನಲ್ಲಿ ಯಾವುದೋ ಆ್ಯಪ್ ಹೀಗೆ ಎಡವಿದರೆ ಏನಾಗುತ್ತದೆ? ಆ ಆ್ಯಪ್ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆದರೆ ಆಯಿತು. ಇಲ್ಲಿ ಎಡವಿದ್ದು ಕರ್ನಲ್ ಒಳಗೆ ಕೂತಿದ್ದ ಡ್ರೈವರ್. ಅಷ್ಟೇ ವ್ಯತ್ಯಾಸ, ಆದರೆ ಪರಿಣಾಮ ಇಷ್ಟು ದೊಡ್ಡದು.

ಡ್ರೈವರ್ ಬರೆಯುವವರು ಮೆಮೊರಿ ವಿಷಯದಲ್ಲಿ ಒಂದೊಂದು ಸಾಲಿಗೂ ಯಾಕಷ್ಟು ವಾದ ಮಾಡುತ್ತಾರೆ ಎಂಬುದು ಹೊರಗಿನವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಆ ವಾದಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಈ ಮೆಮೊರಿ ಈಗ ಯಾರದ್ದು, ಎಲ್ಲಿಯವರೆಗೆ ಅವರದ್ದು? ಆ ಪ್ರಶ್ನೆಯನ್ನು ಹಿಡಿದುಕೊಂಡೇ ಮುಂದೆ ಹೋಗೋಣ.

## ಕರ್ನಲ್ ಯಾರು, ಡ್ರೈವರ್ ಯಾರು

ಆಪರೇಟಿಂಗ್ ಸಿಸ್ಟಂನ ಒಳತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಾವ ಪ್ರೋಗ್ರಾಂ ಯಾವಾಗ ಓಡಬೇಕು, ಯಾರಿಗೆ ಎಷ್ಟು ಮೆಮೊರಿ, ಫೈಲ್ ಎಲ್ಲಿ ಬರೆಯಬೇಕು ಎಂದು ನಿರ್ಧರಿಸುವುದು ಅದೇ. ಪ್ರೊಸೆಸರ್‌ನಲ್ಲಿ ಕೆಲಸಕ್ಕೆ ಬೇರೆ ಬೇರೆ ಅಧಿಕಾರದ ಮಟ್ಟಗಳಿರುತ್ತವೆ. ನಾವು ಬಳಸುವ ಬ್ರೌಸರ್, ಆಟ, ಚಾಟ್ ಆ್ಯಪ್ ಎಲ್ಲ ಕಡಿಮೆ ಅಧಿಕಾರದಲ್ಲಿ ಓಡುತ್ತವೆ. ಕರ್ನಲ್ ಪೂರ್ತಿ ಅಧಿಕಾರದಲ್ಲಿ ಓಡುತ್ತದೆ.

ಡ್ರೈವರ್ ಎಂದರೆ ಒಂದು ಯಂತ್ರಭಾಗದ ಭಾಷೆ ಗೊತ್ತಿರುವ ಪ್ರೋಗ್ರಾಂ. ವೈಫೈ ಚಿಪ್‌ಗೆ ಒಂದು, ಕ್ಯಾಮೆರಾಗೆ ಒಂದು, ಡಿಸ್ಕ್‌ಗೆ ಒಂದು. ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಒಳಗೇ ಸೇರಿಕೊಂಡು, ಅದರ ಪೂರ್ತಿ ಅಧಿಕಾರದಲ್ಲೇ ಕೆಲಸ ಮಾಡುತ್ತವೆ. ಯಾವುದೇ ಯಂತ್ರಭಾಗ ಇಲ್ಲದಿದ್ದರೂ ಆಳದ ಕಾವಲಿಗೆಂದು ಡ್ರೈವರ್ ರೂಪದಲ್ಲಿ ಒಳಗೆ ಕೂರುವ ಭದ್ರತಾ ತಂತ್ರಾಂಶಗಳೂ ಇವೆ. 2024ರಲ್ಲಿ ಎಡವಿದ್ದು ಅಂಥದ್ದೇ.

ವಿಂಡೋಸ್‌ನಂತೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ಕರ್ನಲ್ ಮೂಲ ಕೋಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ ತುಂಬಿವೆ. 2001ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಲಿನಕ್ಸ್ ಕೋಡನ್ನು ತಪಾಸಣೆ ಮಾಡಿದಾಗ, ಕರ್ನಲ್‌ನ ಉಳಿದ ಭಾಗಕ್ಕೆ ಹೋಲಿಸಿದರೆ ಡ್ರೈವರ್‌ಗಳಲ್ಲಿ ಕೆಲವು ಬಗೆಯ ತಪ್ಪುಗಳ ಪ್ರಮಾಣ 3ರಿಂದ 7 ಪಟ್ಟು ಹೆಚ್ಚು ಕಂಡಿತ್ತು. ಇದಕ್ಕೆ ಡ್ರೈವರ್ ಬರೆಯುವವರನ್ನು ಸುಮ್ನೆ ದೂರಿ ಪ್ರಯೋಜನವಿಲ್ಲ. ಕರ್ನಲ್‌ನ ನಡುಭಾಗವನ್ನು ಪ್ರತಿ ಕಂಪ್ಯೂಟರ್ ಪ್ರತಿ ಕ್ಷಣ ಬಳಸುತ್ತದೆ, ತಪ್ಪಿದ್ದರೆ ಬೇಗ ಹೊರಬೀಳುತ್ತದೆ. ಅಪರೂಪದ ಒಂದು ಚಿಪ್‌ನ ಡ್ರೈವರನ್ನು ಪರೀಕ್ಷಿಸಬೇಕಾದರೆ ಆ ಚಿಪ್ಪೇ ಕೈಯಲ್ಲಿರಬೇಕು.

## ವಿಳಾಸಗಳಲ್ಲಿ ಎರಡು ಬಗೆ

ಮೆಮೊರಿ ಎಂದರೆ ಬೈಟ್‌ಗಳ ಉದ್ದನೆಯ ಸಾಲು. ಪ್ರತಿ ಬೈಟ್‌ಗೂ ಒಂದು ಸಂಖ್ಯೆ, ಅದೇ ಅದರ ವಿಳಾಸ. ಒಂದು ವಿಳಾಸವನ್ನು ಬರೆದಿಟ್ಟುಕೊಂಡಿರುವ ಜಾಗಕ್ಕೆ ಪಾಯಿಂಟರ್ ಎಂದು ಹೆಸರು.

ಆದರೆ ಪ್ರೋಗ್ರಾಂಗಳು ಬಳಸುವ ವಿಳಾಸ ನಿಜವಾದ ಚಿಪ್‌ನ ವಿಳಾಸ ಅಲ್ಲ. ಅದು ವರ್ಚುವಲ್ ವಿಳಾಸ. ಪ್ರೊಸೆಸರ್ ಒಂದು ಪಟ್ಟಿಯನ್ನು ನೋಡಿ ಅದನ್ನು ನಿಜವಾದ ವಿಳಾಸಕ್ಕೆ, ಅಂದರೆ ಫಿಸಿಕಲ್ ವಿಳಾಸಕ್ಕೆ ಬದಲಾಯಿಸುತ್ತದೆ. ಈ ಪಟ್ಟಿಯನ್ನು ಬರೆಯುವುದು ಕರ್ನಲ್. ಬದಲಾವಣೆ ಬೈಟ್ ಲೆಕ್ಕದಲ್ಲಿ ಆಗುವುದಿಲ್ಲ, ಪೇಜ್ ಲೆಕ್ಕದಲ್ಲಿ ಆಗುತ್ತದೆ. ಸಾಮಾನ್ಯವಾಗಿ ಒಂದು ಪೇಜ್ ಎಂದರೆ 4,096 ಬೈಟ್.

ಪ್ರತಿ ಆ್ಯಪ್‌ಗೂ ಅದರದ್ದೇ ಬೇರೆ ಪಟ್ಟಿ. ಹೀಗಾಗಿ ಒಂದು ಆ್ಯಪ್‌ನ ಕಣ್ಣಿಗೆ ಇನ್ನೊಂದರ ಮೆಮೊರಿ ಬೀಳುವುದೇ ಇಲ್ಲ. ಪಟ್ಟಿಯಲ್ಲಿ ಇಲ್ಲದ ವಿಳಾಸವನ್ನು ಮುಟ್ಟಿದರೆ ಪ್ರೊಸೆಸರ್ ತಕ್ಷಣ ತಡೆದು ಕರ್ನಲ್‌ಗೆ ಹೇಳುತ್ತದೆ. ಕರ್ನಲ್ ಆ ಆ್ಯಪನ್ನು ನಿಲ್ಲಿಸಿ, ಅದರ ಮೆಮೊರಿಯನ್ನೆಲ್ಲ ವಾಪಸ್ ಪಡೆಯುತ್ತದೆ.

ಕರ್ನಲ್ ಒಳಗೆ ಈ ವ್ಯವಸ್ಥೆ ಹೀಗಿಲ್ಲ. ಅಲ್ಲಿರುವ ಎಲ್ಲ ಡ್ರೈವರ್‌ಗಳಿಗೂ ಒಂದೇ ಪಟ್ಟಿ. ಧ್ವನಿ ಡ್ರೈವರ್ ತಪ್ಪಿ ಡಿಸ್ಕ್ ಡ್ರೈವರ್‌ನ ಮೆಮೊರಿಯಲ್ಲಿ ಬರೆದರೆ ತಡೆಯುವವರು ಯಾರೂ ಇಲ್ಲ. ಇಂಥ ತಪ್ಪು ಕೂಡಲೇ ಕಾಣುವುದೂ ಇಲ್ಲ. ಹತ್ತು ನಿಮಿಷ ಬಿಟ್ಟು ಡಿಸ್ಕ್ ಡ್ರೈವರ್ ಎಡವುತ್ತದೆ, ಎಲ್ಲರೂ ಅದರ ಮೇಲೆ ಅನುಮಾನ ಪಡುತ್ತಾರೆ. ಡ್ರೈವರ್ ಕೆಲಸದಲ್ಲಿ ಇದಕ್ಕಿಂತ ದಣಿಸುವ ಹುಡುಕಾಟ ಬೇರೆ ಇಲ್ಲ.

ಪಟ್ಟಿಯಲ್ಲೇ ಇಲ್ಲದ ವಿಳಾಸವನ್ನು ಡ್ರೈವರ್ ಮುಟ್ಟಿದರೆ ಮಾತ್ರ ಪ್ರೊಸೆಸರ್ ಕೂಗುತ್ತದೆ. ಆಗ ವಿಂಡೋಸ್ ಬೇಕೆಂದೇ ಕಂಪ್ಯೂಟರನ್ನು ನಿಲ್ಲಿಸುತ್ತದೆ. ಯಾಕೆ? ಕರ್ನಲ್‌ನ ಸ್ವಂತ ಲೆಕ್ಕವೇ ಕೆಟ್ಟಿರಬಹುದು. ಹಾಗೇ ಮುಂದುವರಿದರೆ ಡಿಸ್ಕ್‌ನಲ್ಲಿರುವ ನಮ್ಮ ಫೈಲ್‌ಗಳ ಮೇಲೆ ಕಸ ಬರೆಯುವ ಅಪಾಯವಿದೆ. ನೀಲಿ ಪರದೆ ಅದಕ್ಕಿಂತ ಮೇಲು. ಲಿನಕ್ಸ್ ಇಂಥ ಹೊತ್ತಲ್ಲಿ ‘ಊಪ್ಸ್’ ಎಂಬ ವರದಿ ಬರೆದು, ಆ ಕ್ಷಣ ಓಡುತ್ತಿದ್ದ ಕೆಲಸವನ್ನು ಮಾತ್ರ ಕೊಂದು ಮುಂದೆ ಸಾಗಲು ನೋಡುತ್ತದೆ. ಆಗದಿದ್ದರೆ ‘ಪ್ಯಾನಿಕ್’, ಅಂದರೆ ಪೂರ್ತಿ ನಿಲುಗಡೆ.

## ಮೆಮೊರಿ ಕೇಳುವುದು ಹೇಗೆ

ಇಲ್ಲಿಂದ ಮುಂದೆ ಉದಾಹರಣೆಗಳಿಗೆ ಹೆಚ್ಚಾಗಿ ಲಿನಕ್ಸನ್ನೇ ಇಟ್ಟುಕೊಳ್ಳುತ್ತೇನೆ. ಅದರ ಕೋಡ್ ಎಲ್ಲರಿಗೂ ತೆರೆದಿದೆ, ಆಂಡ್ರಾಯ್ಡ್ ಫೋನ್‌ಗಳ ಒಳಗೂ ಅದೇ ಇದೆ.

ಲಿನಕ್ಸ್ ಖಾಲಿ ಮೆಮೊರಿಯನ್ನು ಪೇಜ್‌ಗಳ ಕಂತೆಗಳಾಗಿ ಇಟ್ಟುಕೊಂಡಿರುತ್ತದೆ. ಒಂದು ಪೇಜ್, ಎರಡು, ನಾಲ್ಕು, ಎಂಟು, ಹೀಗೆ ಇಮ್ಮಡಿಯಾಗುತ್ತಾ ಹೋಗುತ್ತದೆ. ದೊಡ್ಡ ಕಂತೆ ಬೇಕಿಲ್ಲದಿದ್ದರೆ ಅದನ್ನು ಎರಡಾಗಿ ಒಡೆಯುತ್ತದೆ. ಅಕ್ಕಪಕ್ಕದ ಎರಡು ಅರ್ಧಗಳು ಖಾಲಿಯಾದರೆ ಮತ್ತೆ ಜೋಡಿಸುತ್ತದೆ. ಈ ಜೋಡಿ ಪದ್ಧತಿಗೆ ಬಡ್ಡಿ ಅಲೊಕೇಟರ್ ಎನ್ನುತ್ತಾರೆ. ಇಲ್ಲಿ ಬಡ್ಡಿ ಎಂದರೆ ಇಂಗ್ಲಿಷ್‌ನಲ್ಲಿ ಜೊತೆಗಾರ.

ಡ್ರೈವರ್‌ಗೆ ಬೇಕಾಗುವುದು ಹೆಚ್ಚಾಗಿ 50, 100, 200 ಬೈಟ್‌ಗಳಂಥ ಸಣ್ಣ ತುಂಡುಗಳು. ಅದಕ್ಕೆ ಇಡೀ ಪೇಜ್ ಕೊಟ್ಟರೆ ದಂಡ. ಆದ್ದರಿಂದ ಪೇಜ್‌ಗಳನ್ನು ಒಂದೇ ಅಳತೆಯ ತುಂಡುಗಳಾಗಿ ಮೊದಲೇ ಕತ್ತರಿಸಿಟ್ಟ ಸ್ಲ್ಯಾಬ್ ಎಂಬ ಪದರ ಇದೆ. ಈ ಉಪಾಯ 1994ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜೆಫ್ ಬಾನ್‌ವಿಕ್ ಅವರಿಂದ ಬಂದದ್ದು. ಡ್ರೈವರ್ ‘ಕೆ-ಮ್ಯಾಲಕ್’ ಎಂದು ಕರೆದು 100 ಬೈಟ್ ಕೇಳಿದರೆ ಸಿಗುವುದು 128 ಬೈಟ್‌ನ ತುಂಡು. 130 ಕೇಳಿದರೆ 192. 4,096ಕ್ಕೆ ಒಂದೇ ಒಂದು ಬೈಟ್ ಜಾಸ್ತಿ ಕೇಳಿದರೆ 8,192 ಬೈಟ್ ಹೋಗುತ್ತದೆ. ಅದಕ್ಕೇ ಒಂದು ಬೈಟ್ ಉಳಿಸುವ ಬದಲಾವಣೆಗೂ ಕೆಲವೊಮ್ಮೆ ದೊಡ್ಡ ಚರ್ಚೆ ನಡೆಯುತ್ತದೆ.

ಕೆ-ಮ್ಯಾಲಕ್ ಕೊಡುವ ಮೆಮೊರಿ ಫಿಸಿಕಲ್ ವಿಳಾಸದಲ್ಲೂ ಒಂದೇ ಸಾಲಾಗಿ ಇರುತ್ತದೆ. ಕಂಪ್ಯೂಟರ್ ಬಹಳ ದಿನ ಓಡಿದ ಮೇಲೆ ಹಾಗೆ ಒಂದೇ ಸಾಲಿನ ದೊಡ್ಡ ಜಾಗ ಸಿಗುವುದು ಕಷ್ಟ. ಒಟ್ಟು ಖಾಲಿ ಜಾಗ ಬೇಕಾದಷ್ಟಿದ್ದರೂ ಅದು ಅಲ್ಲಲ್ಲಿ ಚೂರಾಗಿರುತ್ತದೆ. ದೊಡ್ಡದು ಬೇಕು, ಒಂದೇ ಸಾಲು ಬೇಕಿಲ್ಲ ಅಂದರೆ ‘ವಿ-ಮ್ಯಾಲಕ್’ ಇದೆ. ಅದು ಚದುರಿದ ಪೇಜ್‌ಗಳನ್ನು ಹೆಕ್ಕಿ, ಪಟ್ಟಿಯಲ್ಲಿ ಮಾತ್ರ ಅಕ್ಕಪಕ್ಕ ಬರೆಯುತ್ತದೆ.

ಇನ್ನೊಂದು ಮೆಮೊರಿ ಸ್ಟ್ಯಾಕ್. ಒಂದು ಕೆಲಸ ನಡೆಯುವಾಗ ತಾತ್ಕಾಲಿಕ ಲೆಕ್ಕಗಳಿಗೆ ಬಳಸುವ ಜಾಗ. ಆ್ಯಪ್‌ಗಳಿಗೆ ಇದು ಹಲವು ಎಂಬಿ ಇರುತ್ತದೆ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳ ಲಿನಕ್ಸ್ ಕರ್ನಲ್‌ನಲ್ಲಿ ಬರೀ 16 ಕೆಬಿ. ಅಷ್ಟರಲ್ಲೇ ಎಲ್ಲ ಆಗಬೇಕು.

## ಕಾಯಬಹುದೇ, ಕಾಯಬಾರದೇ

ಮೆಮೊರಿ ಕೇಳುವಾಗ ಡ್ರೈವರ್ ಇನ್ನೊಂದು ಮಾತನ್ನೂ ಹೇಳಬೇಕು: ನಾನು ಕಾಯಬಲ್ಲೆನೋ ಇಲ್ಲವೋ.

ಮೆಮೊರಿಯಲ್ಲಿ ಖಾಲಿ ಜಾಗ ಉಳಿದಿಲ್ಲದಿದ್ದರೆ ಕರ್ನಲ್ ಹಳೆಯ ಪೇಜ್‌ಗಳನ್ನು ಡಿಸ್ಕ್‌ಗೆ ಬರೆದು ಜಾಗ ಮಾಡಿಕೊಡಬಹುದು. ಅದಕ್ಕೆ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಕೇಳಿದವರು ಮಲಗಿರಬೇಕು. ಕರ್ನಲ್ ಭಾಷೆಯಲ್ಲಿ ಇದಕ್ಕೆ ‘ಸ್ಲೀಪ್’ ಎಂದೇ ಹೆಸರು. ಇದಕ್ಕೆ ಒಪ್ಪಿದರೆ ಡ್ರೈವರ್ ‘ಜಿಎಫ್‌ಪಿ ಕರ್ನಲ್’ ಎಂಬ ಗುರುತು ಕೊಡುತ್ತದೆ.

ಎಲ್ಲ ಹೊತ್ತಲ್ಲೂ ಮಲಗಲು ಆಗುವುದಿಲ್ಲ. ನೆಟ್‌ವರ್ಕ್ ಕಾರ್ಡ್‌ಗೆ ಹೊಸ ಡೇಟಾ ಬಂತು ಅಂದುಕೊಳ್ಳಿ. ಅದು ಪ್ರೊಸೆಸರ್‌ಗೆ ಇಂಟರಪ್ಟ್ ಕೊಡುತ್ತದೆ, ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಇತ್ತ ನೋಡು ಎಂಬ ಕರೆ. ಆ ಕರೆಗೆ ಉತ್ತರಿಸುವ ಕೋಡ್ ಮಧ್ಯದಲ್ಲಿ ಮಲಗಿದರೆ, ಅರ್ಧಕ್ಕೆ ನಿಂತ ಕೆಲಸವೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬೇರೆಯವರು ಕಾಯುತ್ತಿರುವ ಸ್ಪಿನ್‌ಲಾಕ್ ಎಂಬ ಬೀಗ ಹಿಡಿದಿರುವಾಗಲೂ ಹೀಗೇ. ಅಂಥ ಕಡೆ ‘ಜಿಎಫ್‌ಪಿ ಅಟಾಮಿಕ್’ ಎಂದು ಕೇಳಬೇಕು: ಇದ್ದರೆ ಈಗಲೇ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು. ಇದಕ್ಕಾಗಿ ಕರ್ನಲ್ ತುರ್ತಿಗೆಂದು ಎತ್ತಿಟ್ಟ ಮೆಮೊರಿಯಿಂದಲೂ ಸ್ವಲ್ಪ ಕೊಡುತ್ತದೆ. ಹಾಗಂತ ಎಲ್ಲ ಕಡೆ ಅಟಾಮಿಕ್ ಅಂತಲೇ ಬರೆದರೆ ತುರ್ತಿನ ದಾಸ್ತಾನು ಬರಿದಾಗುತ್ತದೆ. ಆದ್ದರಿಂದ ಕೋಡ್ ಪರಿಶೀಲಿಸುವವರು ಆ ಗುರುತು ಕಂಡ ಕೂಡಲೇ ಇಲ್ಲಿ ನಿಜಕ್ಕೂ ಬೇಕಾ ಎಂದು ಕೇಳುತ್ತಾರೆ.

ವಿಂಡೋಸ್‌ನಲ್ಲಿ ಇದೇ ಸಮಸ್ಯೆಗೆ ಬೇರೆ ರೂಪ. ಅಲ್ಲಿ ಕರ್ನಲ್ ಮೆಮೊರಿ ಎರಡು ಪೂಲ್‌ಗಳಲ್ಲಿದೆ. ಪೇಜ್ಡ್ ಪೂಲ್‌ನಲ್ಲಿರುವುದು ಡಿಸ್ಕ್‌ಗೆ ಹೋಗಿ ಕೂತಿರಬಹುದು. ನಾನ್‌ಪೇಜ್ಡ್ ಪೂಲ್‌ನಲ್ಲಿರುವುದು ಯಾವಾಗಲೂ ಚಿಪ್‌ನಲ್ಲೇ ಇರುತ್ತದೆ. ಇಂಟರಪ್ಟ್‌ಗೆ ಉತ್ತರಿಸುವಾಗ ಡ್ರೈವರ್ ಪೇಜ್ಡ್ ಮೆಮೊರಿಯನ್ನು ಮುಟ್ಟಿ, ಅದು ಆಗ ಡಿಸ್ಕ್‌ನಲ್ಲಿದ್ದರೆ ನೀಲಿ ಪರದೆ ಖಾತ್ರಿ. ಚಿಪ್‌ನಲ್ಲೇ ಇದ್ದರೆ ಏನೂ ಆಗುವುದಿಲ್ಲ. ಬೇಕಾದಷ್ಟು ಮೆಮೊರಿ ಇರುವ ಯಂತ್ರದಲ್ಲಿ ಪರೀಕ್ಷೆ ಪಾಸಾದ ಡ್ರೈವರ್, ಕಡಿಮೆ ಮೆಮೊರಿಯ ಯಂತ್ರದಲ್ಲಿ ಬೀಳುವುದು ಹೀಗೆ.

## ಯಂತ್ರಭಾಗವೇ ಮೆಮೊರಿಯಲ್ಲಿ ಬರೆಯುವಾಗ

ಸೆಕೆಂಡಿಗೆ 10 ಗಿಗಾಬಿಟ್ ವೇಗದ ನೆಟ್‌ವರ್ಕ್ ಕಾರ್ಡ್‌ಗೆ ಮಾಮೂಲಿ ದೊಡ್ಡ ಗಾತ್ರದ ಪ್ಯಾಕೆಟ್‌ಗಳೇ, ಅಂದರೆ ಡೇಟಾದ ಕಟ್ಟುಗಳೇ, ಬಂದರೂ ಸೆಕೆಂಡಿಗೆ 8 ಲಕ್ಷಕ್ಕೂ ಹೆಚ್ಚು ಬರುತ್ತವೆ. ಒಂದೊಂದು ಬೈಟನ್ನೂ ಪ್ರೊಸೆಸರ್ ಕಾರ್ಡ್‌ನಿಂದ ಎತ್ತಿ ಮೆಮೊರಿಗೆ ಇಡುತ್ತಾ ಕೂತರೆ ಬೇರೆ ಕೆಲಸವೇ ಆಗುವುದಿಲ್ಲ. ಅದಕ್ಕೆ ಡಿಎಂಎ ಇದೆ, ಅಂದರೆ ಪ್ರೊಸೆಸರನ್ನು ಕೇಳದೆ ಯಂತ್ರಭಾಗವೇ ನೇರವಾಗಿ ಮೆಮೊರಿಯನ್ನು ಓದಿ ಬರೆಯುವ ಏರ್ಪಾಡು. ಡ್ರೈವರ್ ಮೊದಲೇ ಖಾಲಿ ಬಫರ್‌ಗಳನ್ನು, ಅಂದರೆ ಡೇಟಾ ತುಂಬಿಸುವ ಮೆಮೊರಿ ತುಂಡುಗಳನ್ನು, ತಯಾರಿಟ್ಟು ಅವುಗಳ ವಿಳಾಸವನ್ನು ಕಾರ್ಡ್‌ಗೆ ಕೊಟ್ಟಿರುತ್ತದೆ. ಕಾರ್ಡ್ ತುಂಬಿಸಿ, ಆಯಿತು ಅನ್ನುತ್ತದೆ.

‘ಈಗ ಯಾರದ್ದು’ ಎಂಬ ಪ್ರಶ್ನೆ ಅತಿ ಬಿಗಿಯಾಗುವುದು ಇಲ್ಲೇ. ಲಿನಕ್ಸ್‌ನಲ್ಲಿ ಡ್ರೈವರ್ ಒಂದು ಬಫರನ್ನು ಡಿಎಂಎಗೆ ‘ಮ್ಯಾಪ್’ ಮಾಡಿದ ಕ್ಷಣದಿಂದ ಅದು ಯಂತ್ರಭಾಗದ್ದು. ವಾಪಸ್ ‘ಅನ್‌ಮ್ಯಾಪ್’ ಮಾಡುವವರೆಗೆ ಪ್ರೊಸೆಸರ್ ಅದನ್ನು ಮುಟ್ಟಬಾರದು. ಮುಟ್ಟಿದರೆ ಏನು ಕಷ್ಟ? ಪ್ರೊಸೆಸರ್ ತನ್ನ ಹತ್ತಿರ ಕ್ಯಾಶೆ ಎಂಬ ವೇಗದ ಪ್ರತಿ ಇಟ್ಟುಕೊಂಡಿರುತ್ತದೆ, ಸಾಮಾನ್ಯವಾಗಿ 64 ಬೈಟ್‌ಗಳ ತುಂಡುಗಳಲ್ಲಿ. ಕಾರ್ಡ್ ಮೆಮೊರಿಯಲ್ಲಿ ಹೊಸದನ್ನು ಬರೆದಿದೆ, ಪ್ರೊಸೆಸರ್ ಕ್ಯಾಶೆಯಲ್ಲಿರುವ ಹಳೆಯದನ್ನೇ ಓದುತ್ತದೆ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಯಂತ್ರವೇ ಇದನ್ನು ಸರಿದೂಗಿಸುತ್ತದೆ. ಆರ್ಮ್ ಎಂಬ ಬೇರೆ ಬಗೆಯ ಪ್ರೊಸೆಸರ್ ಇರುವ ಅನೇಕ ಚಿಪ್‌ಗಳಲ್ಲಿ ಡ್ರೈವರ್ ಹೇಳಿದರೆ ಮಾತ್ರ ಆಗುತ್ತದೆ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದ ಡ್ರೈವರ್ ಆರ್ಮ್ ಬೋರ್ಡ್ ಮೇಲೆ ಆಗೊಮ್ಮೆ ಈಗೊಮ್ಮೆ ಕೆಟ್ಟ ಡೇಟಾ ಕೊಡುತ್ತದೆ.

ಸ್ಟ್ಯಾಕ್ ಮೇಲಿನ ಜಾಗವನ್ನು ಡಿಎಂಎಗೆ ಕೊಡಬಾರದು ಎಂಬ ನಿಯಮ ಲಿನಕ್ಸ್‌ನಲ್ಲಿ ಬಹಳ ಹಿಂದಿನಿಂದ ಇತ್ತು. ಎಷ್ಟೋ ಯುಎಸ್‌ಬಿ ಡ್ರೈವರ್‌ಗಳು ಅದನ್ನು ಮೀರಿದ್ದವು, ಆದರೂ ನಡೆದುಹೋಗುತ್ತಿತ್ತು. 2016ರ ಕೊನೆಗೆ ಬಂದ 4.9 ಆವೃತ್ತಿಯಲ್ಲಿ, ಸ್ಟ್ಯಾಕ್ ಉಕ್ಕಿದರೆ ಕೂಡಲೇ ಗೊತ್ತಾಗಲಿ ಎಂದು ಸ್ಟ್ಯಾಕನ್ನೇ ವಿ-ಮ್ಯಾಲಕ್ ಜಾಗಕ್ಕೆ ಸರಿಸುವ ಸೌಲಭ್ಯ ಬಂತು. ಅಲ್ಲಿ ಅಕ್ಕಪಕ್ಕದ ಪೇಜ್‌ಗಳು ಫಿಸಿಕಲ್ ಆಗಿ ಅಕ್ಕಪಕ್ಕ ಇರಬೇಕೆಂದಿಲ್ಲ. ಮುಚ್ಚಿಹೋಗಿದ್ದ ತಪ್ಪುಗಳೆಲ್ಲ ಒಟ್ಟಿಗೇ ಹೊರಬಿದ್ದವು. ಒಂದೊಂದೇ ಡ್ರೈವರನ್ನು ತಿದ್ದಬೇಕಾಯಿತು.

ಹಳೆಯ ಯಂತ್ರಭಾಗಗಳಿಗೆ ಇನ್ನೊಂದು ಮಿತಿ ಇದೆ. 32 ಬಿಟ್ ವಿಳಾಸ ಮಾತ್ರ ಗೊತ್ತಿರುವ ಕಾರ್ಡ್‌ಗೆ 4 ಜಿಬಿ ಆಚೆಗಿನ ಮೆಮೊರಿ ಕಾಣುವುದಿಲ್ಲ. ತೀರಾ ಹಳೆಯ ಐಎಸ್‌ಎ ಕಾರ್ಡ್‌ಗಳಿಗೆ ಬರೀ 16 ಎಂಬಿ. ಆಗ ಕೆಳಗಿನ ಜಾಗದಲ್ಲಿ ಒಂದು ಮಧ್ಯಂತರ ಬಫರ್ ಇಟ್ಟು ಅಲ್ಲಿಂದ ನಕಲು ಮಾಡಬೇಕು. ಹೊಸ ಯಂತ್ರಗಳಲ್ಲಿ ಐಒಎಂಎಂಯು ಎಂಬ ಭಾಗ ಇರುತ್ತದೆ. ಯಂತ್ರಭಾಗಗಳಿಗೂ ಒಂದು ವಿಳಾಸ ಪಟ್ಟಿ ಕೊಟ್ಟು, ಅನುಮತಿ ಇಲ್ಲದ ಮೆಮೊರಿಗೆ ಅವು ಬರೆಯದಂತೆ ಅದು ತಡೆಯುತ್ತದೆ.

## ಕ್ಯಾಮೆರಾ ವೈರ್ ಕಿತ್ತರೆ ಏನಾಗುತ್ತದೆ

ಮೆಮೊರಿ ತಪ್ಪುಗಳಲ್ಲಿ ಹೆಚ್ಚು ಕಾಡುವುದು, ಹೆಚ್ಚು ಅಪಾಯದ್ದು ಎಂದರೆ ವಾಪಸ್ ಕೊಟ್ಟ ಮೇಲೂ ಬಳಸುವುದು. ಇದನ್ನು ಹತ್ತಿರದಿಂದ ನೋಡೋಣ.

ಯುಎಸ್‌ಬಿ ಕ್ಯಾಮೆರಾ ಜೋಡಿಸಿದ ಕೂಡಲೇ ಡ್ರೈವರ್ ಒಂದು ತುಂಡು ಮೆಮೊರಿ ಪಡೆದು, ಅದರಲ್ಲಿ ಆ ಕ್ಯಾಮೆರಾದ ಎಲ್ಲ ಲೆಕ್ಕ ಬರೆದಿಡುತ್ತದೆ. ಚಿತ್ರದ ಅಳತೆ, ಬಫರ್‌ಗಳ ಪಟ್ಟಿ, ಬೀಗಗಳು, ಮುಂದೆ ಯಾವ ಕೋಡ್ ಕರೆಯಬೇಕು ಎಂಬ ವಿಳಾಸಗಳು. ವಿಡಿಯೊ ಕರೆಯ ಆ್ಯಪ್ ಕ್ಯಾಮೆರಾವನ್ನು ತೆರೆಯುತ್ತದೆ. ಆ್ಯಪ್ ಕಡೆಗಿನ ಕೊಂಡಿಯಲ್ಲೂ ಈ ತುಂಡಿನ ಪಾಯಿಂಟರ್ ಇರುತ್ತದೆ.

ಈಗ ಕರೆ ನಡೆಯುತ್ತಿರುವಾಗಲೇ ಯಾರೋ ವೈರ್ ಕಿತ್ತರು. ಕರ್ನಲ್ ಡ್ರೈವರ್‌ಗೆ ಹೇಳುತ್ತದೆ, ನಿನ್ನ ಕ್ಯಾಮೆರಾ ಹೋಯಿತು. ಡ್ರೈವರ್ ಅಚ್ಚುಕಟ್ಟಾಗಿ ‘ಕೆ-ಫ್ರೀ’ ಕರೆದು ಆ ತುಂಡನ್ನು ವಾಪಸ್ ಕೊಡುತ್ತದೆ. ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಆದರೆ ಆ್ಯಪ್ ಇನ್ನೂ ಕ್ಯಾಮೆರಾವನ್ನು ಮುಚ್ಚಿಲ್ಲ. ಒಂದು ಸೆಕೆಂಡ್ ಬಿಟ್ಟು ಅದು ಮುಂದಿನ ಚಿತ್ರ ಕೇಳುತ್ತದೆ, ಅಥವಾ ಮುಚ್ಚಲು ಬರುತ್ತದೆ. ಕರ್ನಲ್ ಹಳೆಯ ಪಾಯಿಂಟರ್ ಹಿಡಿದು ಆ ತುಂಡಿಗೆ ಹೋಗುತ್ತದೆ. ಅಷ್ಟರಲ್ಲಿ ಆ ಜಾಗ ಬೇರೆ ಯಾರಿಗೋ ಹೋಗಿರಬಹುದು.

ಅದೃಷ್ಟ ಚೆನ್ನಾಗಿದ್ದರೆ ಕ್ರ್ಯಾಶ್ ಆಗುತ್ತದೆ. ಇಲ್ಲದಿದ್ದರೆ ಇನ್ನೂ ಕೆಟ್ಟದ್ದು. ದಾಳಿಕೋರನೊಬ್ಬ ಬೇಕೆಂದೇ ಆ ಜಾಗ ತನಗೇ ಸಿಗುವಂತೆ ಮಾಡಿ, ‘ಮುಂದೆ ಕರೆಯಬೇಕಾದ ಕೋಡ್’ ಎಂಬ ವಿಳಾಸದಲ್ಲಿ ತನಗೆ ಬೇಕಾದ್ದನ್ನು ಬರೆಯಬಹುದು. ಕರ್ನಲ್ ಪೂರ್ತಿ ಅಧಿಕಾರದೊಂದಿಗೆ ಅವನು ಹೇಳಿದ ಕಡೆ ಹೋಗುತ್ತದೆ.

ಪರಿಹಾರ ಎಣಿಕೆಯಲ್ಲಿದೆ. ಕೋಣೆಯಲ್ಲಿ ಹತ್ತು ಜನ ಇದ್ದಾಗ ಮೊದಲು ಎದ್ದವರು ದೀಪ ಆರಿಸುವುದಿಲ್ಲ, ಕೊನೆಗೆ ಹೊರಡುವವರು ಆರಿಸುತ್ತಾರೆ. ಹಾಗೆಯೇ ತುಂಡಿನ ಒಳಗೆ ಒಂದು ಸಂಖ್ಯೆ ಇಡುತ್ತಾರೆ. ಕ್ಯಾಮೆರಾ ಜೋಡಿಸಿದಾಗ 1. ಆ್ಯಪ್ ತೆರೆದಾಗ 2. ವೈರ್ ಕಿತ್ತಾಗ 1ಕ್ಕೆ ಇಳಿಯುತ್ತದೆ, ಮೆಮೊರಿ ಉಳಿಯುತ್ತದೆ. ಆ್ಯಪ್ ಮುಚ್ಚಿದಾಗ 0, ಆಗ ಮಾತ್ರ ಕೆ-ಫ್ರೀ. ಜೊತೆಗೆ ಕ್ಯಾಮೆರಾ ಹೋಗಿದೆ ಎಂಬ ಗುರುತನ್ನೂ ತುಂಡಿನಲ್ಲಿ ಬರೆಯುತ್ತಾರೆ. ಆ್ಯಪ್ ಚಿತ್ರ ಕೇಳಿದರೆ ಸಾಧನ ಇಲ್ಲ ಎಂಬ ಉತ್ತರ ಹೋಗುತ್ತದೆ.

ಕೇಳಲು ಸರಳ. ಆದರೆ ವೈರ್ ಕಿತ್ತ ಕ್ಷಣವೇ ಇನ್ನೊಂದು ಪ್ರೊಸೆಸರ್ ಕೋರ್‌ನಲ್ಲಿ ಆ್ಯಪ್ ಒಳಬರುತ್ತಿರಬಹುದು, ಮೂರನೆಯದರಲ್ಲಿ ಇಂಟರಪ್ಟ್ ನಡೆಯುತ್ತಿರಬಹುದು, ಇನ್ನೆಲ್ಲೋ ಒಂದು ಟೈಮರ್ ಕಾಯುತ್ತಿರಬಹುದು. ಪ್ರತಿಯೊಂದನ್ನೂ ಮೊದಲು ನಿಲ್ಲಿಸಿ, ಆಮೇಲೆ ಸಂಖ್ಯೆ ಇಳಿಸಬೇಕು. ಈ ಅನುಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಸಾಕು.

## ಆ್ಯಪ್ ಕೊಟ್ಟ ಲೆಕ್ಕವನ್ನು ನಂಬಬಾರದು

ಆ್ಯಪ್ ಡ್ರೈವರ್‌ಗೆ ಒಂದು ವಿಳಾಸ ಕೊಟ್ಟು ಇಲ್ಲಿಂದ ಓದು ಅನ್ನುತ್ತದೆ. ಆ ವಿಳಾಸ ಆ್ಯಪ್‌ನದ್ದೇ ಎಂದು ಏನು ಖಾತ್ರಿ? ಕರ್ನಲ್‌ನ ಗುಟ್ಟಿನ ಜಾಗದ ವಿಳಾಸವನ್ನೂ ಕೊಟ್ಟಿರಬಹುದು. ಅದಕ್ಕೆ ನೇರವಾಗಿ ಓದುವಂತಿಲ್ಲ. ವಿಳಾಸವನ್ನು ಪರೀಕ್ಷಿಸಿ ನಕಲು ಮಾಡಿಕೊಡುವ ವಿಶೇಷ ದಾರಿಯಲ್ಲೇ ಹೋಗಬೇಕು. ಮತ್ತು ಒಮ್ಮೆ ಮಾತ್ರ ನಕಲು ಮಾಡಬೇಕು. ಪರೀಕ್ಷೆಗೆ ಒಮ್ಮೆ, ಬಳಸಲು ಇನ್ನೊಮ್ಮೆ ಓದಿದರೆ ನಡುವೆ ಆ್ಯಪ್ ಅಲ್ಲಿರುವುದನ್ನು ಬದಲಿಸಿಬಿಡಬಹುದು.

ಗುಣಾಕಾರವೂ ಮೋಸ ಮಾಡುತ್ತದೆ. ಒಂದೊಂದು 16 ಬೈಟ್ ಇರುವ 26,84,35,457 ವಸ್ತುಗಳಿಗೆ ಜಾಗ ಬೇಕು ಎಂದು ಆ್ಯಪ್ ಕೇಳಿತು ಎನ್ನೋಣ. ಗುಣಿಸಿದರೆ 4,29,49,67,312. 32 ಬಿಟ್ ಸಂಖ್ಯೆ 4,29,49,67,296ಕ್ಕೆ ಬಂದಾಗ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಉಳಿಯುವುದು 16. ಡ್ರೈವರ್ 16 ಬೈಟ್ ಪಡೆದು, ಅದರಲ್ಲಿ 26 ಕೋಟಿ ವಸ್ತುಗಳನ್ನು ತುಂಬಿಸಲು ಹೊರಡುತ್ತದೆ. ಅದಕ್ಕೇ ಈಗ ಲಿನಕ್ಸ್‌ನಲ್ಲಿ ಕೈಯಾರೆ ಗುಣಿಸಿ ಕೇಳುವುದನ್ನು ಪರಿಶೀಲಕರು ಒಪ್ಪುವುದಿಲ್ಲ. ಉಕ್ಕಿದರೆ ತಾನೇ ‘ಇಲ್ಲ’ ಎನ್ನುವ ಬೇರೆ ಕರೆ ಇದೆ, ಅದನ್ನೇ ಬಳಸಬೇಕು.

ಹೊಸದಾಗಿ ಪಡೆದ ತುಂಡಿನಲ್ಲಿ ಹಿಂದಿನವರ ಡೇಟಾ ಹಾಗೇ ಇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಪೂರ್ತಿ ತುಂಬಿಸದೆ ಆ್ಯಪ್‌ಗೆ ಕಳಿಸಿದರೆ ಉಳಿದ ಬೈಟ್‌ಗಳಲ್ಲಿ ಯಾರದೋ ಪಾಸ್‌ವರ್ಡ್ ಹೋಗಬಹುದು. ವಿಂಡೋಸ್ 2020ರ ಆವೃತ್ತಿಯಿಂದ ಶುರುವಾಗಿ, ಕೊಡುವ ಮೊದಲೇ ಸೊನ್ನೆ ತುಂಬುವ ಹೊಸ ಕರೆಯನ್ನು ತಂದು, ಹಳೆಯದನ್ನು ಬಿಡಿ ಎಂದು ಡ್ರೈವರ್ ಬರೆಯುವವರಿಗೆ ಹೇಳಿದೆ.

## ವಾಪಸ್ ಕೊಡಲು ಮರೆತರೆ

ಆ್ಯಪ್ ಮೆಮೊರಿ ವಾಪಸ್ ಕೊಡಲು ಮರೆತರೆ, ಅದನ್ನು ಮುಚ್ಚಿದಾಗ ಕರ್ನಲ್ ಎಲ್ಲ ಎತ್ತಿಕೊಳ್ಳುತ್ತದೆ. ಡ್ರೈವರ್ ಮರೆತರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುವವರೆಗೂ ಅದು ಹೋದಂತೆಯೇ. ತಿಂಗಳುಗಟ್ಟಲೆ ಓಡುವ ಸರ್ವರ್‌ನಲ್ಲಿ ಪ್ರತಿ ಪ್ಯಾಕೆಟ್‌ಗೆ 64 ಬೈಟ್ ಸೋರಿದರೆ ಒಂದು ದಿನ ಎಲ್ಲ ಮುಗಿದಿರುತ್ತದೆ.

ಸೋರಿಕೆ ಹೆಚ್ಚಾಗಿ ಆಗುವುದು ಕೆಲಸ ಅರ್ಧಕ್ಕೆ ಕೆಟ್ಟಾಗ. ಡ್ರೈವರ್ ಶುರುವಾಗುವಾಗ ಐದು ವಸ್ತು ಪಡೆಯಬೇಕು ಎನ್ನೋಣ. ನಾಲ್ಕನೆಯದು ಸಿಗಲಿಲ್ಲ. ಆಗ ಮೂರನೆಯದು, ಎರಡನೆಯದು, ಮೊದಲನೆಯದು, ಇದೇ ಹಿಮ್ಮುಖ ಕ್ರಮದಲ್ಲಿ ವಾಪಸ್ ಕೊಡಬೇಕು. ಈ ದಾರಿ ಅಪರೂಪಕ್ಕೆ ಓಡುವುದರಿಂದ ಪರೀಕ್ಷೆಯಲ್ಲಿ ತಪ್ಪು ಸಿಗುವುದೂ ಅಪರೂಪ. 2007ರಿಂದ ಲಿನಕ್ಸ್‌ನಲ್ಲಿ ಸಾಧನಕ್ಕೇ ಕಟ್ಟಿಹಾಕಿದ ಮೆಮೊರಿ ಪಡೆಯುವ ಅನುಕೂಲ ಇದೆ. ಸಾಧನ ಹೋದಾಗ ಕರ್ನಲ್ ತಾನೇ ಎಲ್ಲವನ್ನೂ ಬಿಡಿಸುತ್ತದೆ. ಕೆಲಸ ಹಗುರಾಯಿತು ನಿಜ. ಆದರೆ ಮೇಲಿನ ಕ್ಯಾಮೆರಾ ಕಥೆಯನ್ನು ನೆನಪಿಸಿಕೊಳ್ಳಿ: ಸಾಧನ ಹೋದ ಮೇಲೂ ಆ್ಯಪ್‌ಗೆ ಬೇಕಿರುವ ಮೆಮೊರಿಯನ್ನು ಹೀಗೆ ಕಟ್ಟಿಹಾಕಿದರೆ ಅದೇ ಹೊಸ ತಪ್ಪಾಗುತ್ತದೆ. ಯಾವುದಕ್ಕೆ ಈ ಅನುಕೂಲ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದು ಡೆವಲಪರ್‌ಗಳ ನಡುವೆ ಇನ್ನೂ ಮುಗಿಯದ ಚರ್ಚೆ.

## ತಪ್ಪನ್ನು ಹಿಡಿಯುವುದು

ಪರೀಕ್ಷೆಗೆಂದು ಕರ್ನಲನ್ನು ಬೇರೆ ರೀತಿ ಕಟ್ಟಬಹುದು. ಒಂದು ಸುಲಭದ ಉಪಾಯ: ವಾಪಸ್ ಬಂದ ತುಂಡನ್ನು ಒಂದು ಗುರುತಿನ ಬೈಟ್‌ನಿಂದ ತುಂಬಿಬಿಡುವುದು. ಲಿನಕ್ಸ್ ಬಳಸುವ ಗುರುತು, ಹದಿನಾರರ ಎಣಿಕೆಯಲ್ಲಿ ಬರೆದರೆ, 6ಬಿ. ಆಮೇಲೆ ಕ್ರ್ಯಾಶ್ ವರದಿಯಲ್ಲಿ ವಿಳಾಸದ ಜಾಗದಲ್ಲಿ 6ಬಿ6ಬಿ6ಬಿ6ಬಿ ಎಂದು ಕಂಡರೆ, ಅನುಭವ ಇರುವವರು ಕೋಡ್ ನೋಡುವ ಮೊದಲೇ ಹೇಳಿಬಿಡುತ್ತಾರೆ, ಇದು ವಾಪಸ್ ಕೊಟ್ಟ ಮೆಮೊರಿಯನ್ನು ಬಳಸಿದ ಕೇಸು.

2015ರಲ್ಲಿ ಲಿನಕ್ಸ್ 4.0 ಆವೃತ್ತಿಗೆ ಬಂದ ಕೆ-ಅಸಾನ್ ಎಂಬ ತಪಾಸಣಾ ವ್ಯವಸ್ಥೆ ಇನ್ನೂ ಕಟ್ಟುನಿಟ್ಟು. ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್ ಲೆಕ್ಕ ಇಟ್ಟು, ಪ್ರತಿ ಓದು ಬರಹಕ್ಕೂ ಮುಂಚೆ ಇದು ಮುಟ್ಟಬಹುದಾದ ಜಾಗವೇ ಎಂದು ನೋಡುತ್ತದೆ. ತಪ್ಪು ಕಂಡ ಕ್ಷಣವೇ ಯಾರು ಪಡೆದರು, ಯಾರು ವಾಪಸ್ ಕೊಟ್ಟರು, ಈಗ ಯಾರು ಮುಟ್ಟಿದರು ಎಂದು ಮೂರನ್ನೂ ಮುದ್ರಿಸುತ್ತದೆ. ನಿಧಾನವಾಗುತ್ತದೆ, ಮೆಮೊರಿಯೂ ಜಾಸ್ತಿ ಬೇಕು, ಆದ್ದರಿಂದ ಪರೀಕ್ಷೆಗಷ್ಟೇ. ವಿಂಡೋಸ್‌ನಲ್ಲಿ ಡ್ರೈವರ್ ವೆರಿಫೈಯರ್ ಎಂಬುದು ಜೊತೆಗೇ ಬರುತ್ತದೆ. ಬೇಕೆಂದೇ ಮೆಮೊರಿ ಇಲ್ಲ ಎಂದು ಹೇಳಿ, ಡ್ರೈವರ್ ಹೇಗೆ ನಡೆದುಕೊಳ್ಳುತ್ತದೆ ಎಂದೂ ಅದು ಪರೀಕ್ಷಿಸಬಲ್ಲದು.

## ರಸ್ಟ್ ಭಾಷೆಯ ಮಾತು ಯಾಕೆ ಬಂತು

ಕರ್ನಲ್‌ಗಳ ಹೆಚ್ಚಿನ ಭಾಗ ಸಿ ಭಾಷೆಯಲ್ಲಿದೆ. ಸಿ ಭಾಷೆಯಲ್ಲಿ ಪಾಯಿಂಟರ್ ಬರೀ ಒಂದು ಸಂಖ್ಯೆ. ಆ ಮೆಮೊರಿ ಯಾರದ್ದು ಎಂಬುದು ಬರೆದವರ ತಲೆಯಲ್ಲಿರುತ್ತದೆ, ಹೆಚ್ಚೆಂದರೆ ಪಕ್ಕದ ಟಿಪ್ಪಣಿಯಲ್ಲಿರುತ್ತದೆ. ರಸ್ಟ್ ಭಾಷೆಯಲ್ಲಿ ಪ್ರತಿ ವಸ್ತುವಿಗೂ ಒಡೆಯ ಯಾರು ಎಂಬುದು ಕೋಡ್‌ನಲ್ಲೇ ಇರುತ್ತದೆ. ಒಡೆತನ ಕೈ ಬದಲಾದ ಮೇಲೆ ಹಳೆಯ ಹೆಸರಿನಿಂದ ಮುಟ್ಟಿದರೆ, ಬರೆದ ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿ ಕಟ್ಟುವ ಕಂಪೈಲರ್ ಆ ಪ್ರೋಗ್ರಾಂ ಕಟ್ಟಲೇ ಒಪ್ಪುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1ರಲ್ಲಿ ರಸ್ಟ್‌ಗೆ ಮೊದಲ ಜಾಗ ಸಿಕ್ಕಿತು. 2024ರ 6.8ರಲ್ಲಿ ರಸ್ಟ್‌ನಲ್ಲಿ ಬರೆದ ಒಂದು ಸಣ್ಣ ನೆಟ್‌ವರ್ಕ್ ಡ್ರೈವರ್ ಬಂತು.

ಇದರಿಂದ ಎಷ್ಟು ಲಾಭ ಎಂಬುದಕ್ಕೆ ಆಂಡ್ರಾಯ್ಡ್‌ನ ಲೆಕ್ಕ ನೋಡಬಹುದು. ಅಲ್ಲಿನ ಭದ್ರತಾ ದೋಷಗಳಲ್ಲಿ ಮೆಮೊರಿಯಿಂದ ಆದವು 2019ರಲ್ಲಿ ಶೇ 76 ಇದ್ದವು. ಹೊಸ ಕೋಡನ್ನು ಹೆಚ್ಚುಹೆಚ್ಚಾಗಿ ರಸ್ಟ್‌ನಂಥ ಭಾಷೆಗಳಲ್ಲಿ ಬರೆಯುತ್ತಾ ಬಂದ ಮೇಲೆ 2024ರಲ್ಲಿ ಅದು ಶೇ 24ಕ್ಕೆ ಇಳಿಯಿತು ಎಂದು ಗೂಗಲ್ ಹೇಳಿದೆ.

ಆದರೆ ಕಂಪೈಲರ್‌ಗೆ ಯಂತ್ರಭಾಗದ ಮನಸ್ಸು ಗೊತ್ತಿಲ್ಲ. ಡಿಎಂಎ ಬಫರನ್ನು ಕಾರ್ಡ್ ಯಾವಾಗ ಬರೆದು ಮುಗಿಸುತ್ತದೆ ಎಂಬುದು ಯಾವ ಭಾಷೆಯಿಂದಲೂ ತಿಳಿಯುವುದಿಲ್ಲ. ಅಂಥ ಜಾಗಗಳನ್ನು ರಸ್ಟ್‌ನಲ್ಲೂ ‘ಅನ್‌ಸೇಫ್’ ಎಂದು ಗುರುತು ಹಾಕಿ ಕೈಯಾರೆ ನೋಡಿಕೊಳ್ಳಬೇಕು. ಒಂದು ಅನುಕೂಲ ಎಂದರೆ, ಪರಿಶೀಲಕರು ಎಲ್ಲಿ ಕಣ್ಣಿಡಬೇಕು ಎಂಬುದು ಆ ಗುರುತಿನಿಂದಲೇ ಗೊತ್ತಾಗುತ್ತದೆ.

## ಡ್ರೈವರನ್ನು ಹೊರಗೆ ಕೂರಿಸಿದರೆ?

ಇನ್ನೊಂದು ದಾರಿ, ಡ್ರೈವರ್ ಕರ್ನಲ್ ಒಳಗೆ ಇರಲೇಬೇಕಾ ಎಂದು ಕೇಳುವುದು. 2005ರಲ್ಲಿ ಬಂದ ಮಿನಿಕ್ಸ್ 3 ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಡ್ರೈವರ್‌ಗಳು ಸಾಮಾನ್ಯ ಪ್ರೋಗ್ರಾಂಗಳಂತೆ ಹೊರಗೆ ಓಡುತ್ತವೆ. ಒಂದು ಸತ್ತರೆ ಅದನ್ನೇ ಮತ್ತೆ ಎಬ್ಬಿಸುವ ಕಾವಲುಗಾರ ಪ್ರೋಗ್ರಾಂ ಇದೆ. ಆ್ಯಪಲ್ 2019ರಿಂದ ಮ್ಯಾಕ್‌ನಲ್ಲಿ ಡ್ರೈವರ್‌ಕಿಟ್ ತಂದು, ಹೊರಗಿನ ಕಂಪನಿಗಳ ಡ್ರೈವರ್‌ಗಳನ್ನು ಕರ್ನಲ್‌ನಿಂದ ಹೊರಗೆ ಸರಿಸುತ್ತಿದೆ. 2024ರ ಘಟನೆಯ ನಂತರ ಮೈಕ್ರೋಸಾಫ್ಟ್ ಕೂಡ ಭದ್ರತಾ ತಂತ್ರಾಂಶಗಳು ಕರ್ನಲ್ ಹೊರಗಿನಿಂದಲೇ ಕೆಲಸ ಮಾಡುವಂತೆ ವಿಂಡೋಸ್ ಅನ್ನು ಬದಲಿಸಲು ಕೈ ಹಾಕಿದೆ.

ಇದಕ್ಕೆ ಬೆಲೆ ಇದೆ. ಹೊರಗೂ ಒಳಗೂ ಪ್ರತಿ ಓಡಾಟಕ್ಕೆ ಪ್ರೊಸೆಸರ್ ಸಮಯ ಖರ್ಚಾಗುತ್ತದೆ. ಕೀಬೋರ್ಡ್, ಪ್ರಿಂಟರ್‌ಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್ ಅಥವಾ ಡಿಸ್ಕ್ ಓದು ನಡೆಯುವ ಕಡೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನಿಧಾನದ ಸಾಧನಗಳ ಡ್ರೈವರ್‌ಗಳು ಮೊದಲು ಹೊರಗೆ ಹೋಗುತ್ತಿವೆ. ಡಿಸ್ಕ್, ವೇಗದ ನೆಟ್‌ವರ್ಕ್ ಕಾರ್ಡ್‌ನಂಥವು ಸದ್ಯಕ್ಕೆ ಹೆಚ್ಚಾಗಿ ಒಳಗೇ ಇವೆ. ಅವುಗಳ ಕೋಡ್‌ನಲ್ಲಿ ಪ್ರತಿ ಕೆ-ಮ್ಯಾಲಕ್‌ಗೂ ಸರಿಯಾದ ಜಾಗದಲ್ಲಿ ಒಂದು ಕೆ-ಫ್ರೀ ಇದೆಯೇ ಎಂದು ಪರಿಶೀಲಕರು ಸಾಲು ಸಾಲಾಗಿ ಓದುತ್ತಿದ್ದಾರೆ.